ಈರಮ್ಮನ ಕೋಳಿಯನ್ನು ಕಾಡುಬೆಕ್ಕು ಒಯ್ಯಲಿಲ್ಲ

ಈರಮ್ಮನ ಕೋಳಿಯನ್ನು ಕೊಂದವಳು ನಾನು. ಕತ್ತು ಹಿಸುಕಲಿಲ್ಲ, ಕುಯ್ಯಲಿಲ್ಲ — ನನ್ನ ಕೋಳಿಗಳ ನಡುವೆ ಬಿಟ್ಟು ಸುಮ್ಮನೆ ನೋಡುತ್ತ ನಿಂತೆ. ಕಾಡುಬೆಕ್ಕು ಒಯ್ಯಿತು ಅಂತ ಆಮೇಲೆ ಹೇಳಿದ್ದು ಸುಳ್ಳು. ನಾಲ್ಕು ವರ್ಷದಿಂದ ಆ ಸುಳ್ಳು ರಾಯದುರ್ಗದ ನಮ್ಮ ಓಣಿಯಲ್ಲಿ ನನಗೆ ಒಳ್ಳೆಯ ಹೆಸರು ತಂದುಕೊಡುತ್ತಿದೆ.

ತಿಳಿಯದೆ ಆದ ತಪ್ಪು ಅಂದುಕೊಳ್ಳಬೇಡಿ. ಕೋಳಿ ವಿಷಯದಲ್ಲಿ ನನಗೆ ತಿಳಿಯದ್ದು ಕಡಿಮೆ. ತಲೆಯ ಮೇಲೆ ಕಟ್‌ಪೀಸ್ ಬಟ್ಟೆಯ ಗಂಟು ಹೊತ್ತು ಊರೂರು ತಿರುಗಿ, ಬಾಯಿಮಾತಿನ ಬಲದಲ್ಲೇ ಒಂದು ಅಂಗಡಿ ಮಾಡಿಕೊಂಡವಳು ನಾನು. ಜವಾರಿ ಕೋಳಿ ಅದರ ಜೊತೆಗಿನ ವ್ಯಾಪಾರ. ಯಾರ ಹಿತ್ತಲಲ್ಲಿ ಕೋಳಿ ಕಾದಾಡಿದರೂ ಮೊದಲು ನನ್ನನ್ನು ಕೇಳುತ್ತಾರೆ. ನಾನೂ — ಕೇಳದಿದ್ದರೂ ಹೇಳುತ್ತೇನೆ. ಹೊಸ ಕೋಳಿಯನ್ನು ತಂದ ದಿನವೇ ಗುಂಪಿಗೆ ಬಿಡಬೇಡಿ. ನಾಲ್ಕೈದು ದಿನ ಬುಟ್ಟಿಯಡಿ ಇಡಿ, ಒಂದನ್ನೊಂದು ನೋಡಿ ಹೊಂದಿಕೊಳ್ಳಲಿ. ಕಾಳು ಎರಡು ಕಡೆ ಹಾಕಿ. ಗಾಯವಾದರೆ ಅರಿಶಿನ, ಬೇವಿನೆಣ್ಣೆ ಹಚ್ಚಿ, ರಕ್ತ ಕಂಡರೆ ಉಳಿದವು ಬಿಡುವುದಿಲ್ಲ. ಎಲ್ಲಕ್ಕಿಂತ ಮುಖ್ಯ — ಬೇರೆ ಮಾಡಬೇಕಾದದ್ದು ಕುಕ್ಕಿಸಿಕೊಳ್ಳುವ ಕೋಳಿಯನ್ನಲ್ಲ, ಕುಕ್ಕುವ ಕೋಳಿಯನ್ನು. ನಾಲ್ಕು ದಿನ ಒಂಟಿಯಾಗಿದ್ದು ಬಂದರೆ ಅದರ ಜೋರು ತಾನೇ ಇಳಿಯುತ್ತದೆ. ಇದನ್ನೆಲ್ಲ ಎಷ್ಟು ಮನೆಗಳಲ್ಲಿ ಹೇಳಿದ್ದೇನೋ. ನನ್ನ ಮನೆಯಲ್ಲಿ ಮಾಡಲಿಲ್ಲ.

ಆಗ ನನ್ನ ಹತ್ತಿರ ಎಂಟು ಹೇಟೆ ಕೋಳಿಗಳಿದ್ದವು. ಕೆಂಪಿ ಅವಕ್ಕೆಲ್ಲ ಯಜಮಾನಿ. ಬೂದುಬಣ್ಣದ ಬೂದಿ ಎಲ್ಲಕ್ಕೂ ಸದರ. ಕೆಂಪಿ ಶುರು ಮಾಡಿದರೆ ಉಳಿದ ಆರೂ ಸೇರಿಕೊಳ್ಳುತ್ತಿದ್ದವು. ಬೂದಿಯ ಬೆನ್ನು ಬೋಳಾಗಿ ಚರ್ಮ ಕಿತ್ತುಬಂದಿತ್ತು. ಮೊಟ್ಟೆ ನಿಂತೇ ಹೋಗಿತ್ತು. ಕೆಂಪಿಯನ್ನು ಬುಟ್ಟಿಯಡಿ ಹಾಕಬೇಕಿತ್ತು. ಆದರೆ ಕೂಡಿಹಾಕಿದರೆ ಅದೂ ಮೊಟ್ಟೆ ನಿಲ್ಲಿಸುತ್ತದೆ — ಹೆಚ್ಚು ಇಡುತ್ತಿದ್ದುದು ಅದೇ. ನಾಳೆ ನೋಡೋಣ, ನಾಳೆ ನೋಡೋಣ ಅಂತ ಒಂದು ತಿಂಗಳು ತಳ್ಳಿದ್ದೆ.

ನಮ್ಮ ಮನೆಯ ಹಿಂದಿನ ಮನೆಯಲ್ಲಿ ಜೀನ್ಸ್ ಹೊಲಿಯುವ ಈರಮ್ಮ ತನ್ನ ಚುಕ್ಕಿ ಕೋಳಿಯನ್ನು ಸೆರಗಿನಲ್ಲಿ ಸುತ್ತಿ ತಂದದ್ದು ಆ ದಿನಗಳಲ್ಲೇ. ಅವಳ ಗಂಡ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಬಳ್ಳಾರಿಯ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇರಬೇಕಿತ್ತು.

"ಅಕ್ಕಾ, ಇದೊಂದು ನೋಡ್ಕೊಳ್ರಿ. ನಿಮ್ಮ ಕೈಯಾಗಿದ್ರ ನನಗ ಚಿಂತಿ ಇಲ್ಲ."

ಡಿ. ಹಿರೇಹಾಳಿನಲ್ಲಿ ಅವಳ ತಾಯಿ ತೀರಿಕೊಂಡಾಗ ಅಣ್ಣಂದಿರು ತಂಬಿಗೆಯಿಂದ ಹಿಡಿದು ಎಲ್ಲ ಹಂಚಿಕೊಂಡರು. ಈರಮ್ಮನಿಗೆ ಸಿಕ್ಕಿದ್ದು ತಾಯಿ ಸಾಕಿದ ಈ ಕೋಳಿಯೊಂದೇ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ: "ನನ್ನ ಕೋಳಿಗಿಂತ ಹೆಚ್ಚು ನೋಡ್ಕೊಂತೀನಿ, ನೀ ಹೋಗಿ ಬಾರವ್ವ."

ಮೊದಲ ದಿನ ಬುಟ್ಟಿಯಡಿ ಇಟ್ಟೆ. ಇಟ್ಟೆ, ಅದು ಸುಳ್ಳಲ್ಲ. ಎರಡನೆಯ ದಿನ ಗುಡಿಸಲೆಂದು ಬುಟ್ಟಿ ಎತ್ತಿದಾಗ ಚುಕ್ಕಿ ಹೊರಗೆ ಬಂತು. ಕೆಂಪಿ ಕತ್ತು ಚಾಚಿ ಬಂದು ಮೊದಲು ಕುಕ್ಕಿತು, ಉಳಿದವು ಹಿಂದೆಯೇ. ಹಿಡಿದು ಮತ್ತೆ ಮುಚ್ಚೋಣವೆಂದು ಬಗ್ಗಿದವಳು — ಆ ಕಡೆ ಬೂದಿಯನ್ನು ಕಂಡೆ. ಒಂದು ತಿಂಗಳಲ್ಲಿ ಮೊದಲ ಸಲ ಅದು ಕಾಳಿನ ಮುಂದೆ ನಿಂತು, ಆಚೀಚೆ ನೋಡದೆ ಹೊಟ್ಟೆತುಂಬ ತಿನ್ನುತ್ತಿತ್ತು.

ಕೈ ಅಲ್ಲೇ ನಿಂತಿತು. ಈ ಗುಂಪಿಗೆ ಕುಕ್ಕಲು ಒಂದು ಬೇಕು. ಅದು ನನ್ನದೇ ಯಾಕಾಗಬೇಕು. ಇಪ್ಪತ್ತು ದಿನ ತಾನೇ. ಅಷ್ಟರಲ್ಲಿ ಬೂದಿಯ ಬೆನ್ನು ಮಾಯುತ್ತದೆ, ಚುಕ್ಕಿಗೆ ನಾಲ್ಕು ಪುಕ್ಕ ಹೋದರೆ ಮತ್ತೆ ಬರುತ್ತವೆ — ಹೀಗೆ ಯೋಚಿಸಿ, ಬುಟ್ಟಿಯನ್ನು ಗೋಡೆಯ ಮೊಳೆಗೆ ನೇತುಹಾಕಿ ಒಳಗೆ ಹೋದೆ.

ನಾನೆಣಿಸಿದಂತೆಯೇ ಆಯಿತು. ಬೂದಿಗೆ ಹೊಸ ಪುಕ್ಕ ಮೂಡಿತು. ಚುಕ್ಕಿ ಒಗೆಯುವ ಕಲ್ಲಿನ ಹಿಂದೆ ಸೇರಿಕೊಂಡಿತು; ಉಳಿದವು ತಿಂದು ಹೋದ ಮೇಲೆ ಬಂದು ಬರಿಯ ಮಣ್ಣು ಕೆದಕುತ್ತಿತ್ತು. ಅದರ ಒಂದು ಕಣ್ಣು ಊದಿ ಮುಚ್ಚಿತು.

ಹತ್ತನೆಯ ದಿನ ಈರಮ್ಮ ಆಸ್ಪತ್ರೆಯಿಂದ ಫೋನ್ ಮಾಡಿದಳು. "ಹೆಂಗೈತ್ರಿ ಅಕ್ಕಾ, ನಮ್ಮ ಚುಕ್ಕಿ?"

"ಅದಕ್ಕೇನಾಗೇತವ್ವ, ರಾಣಿ ಆಗಿ ಮೆರೀತೈತಿ. ಇನ್ನ ನಿಮ್ಮನಿಗೆ ಬರಂಗಿಲ್ಲ ಅಂತೈತಿ."

ಅವಳು ನಕ್ಕಳು. "ಒಂದೀಟು ಅದರ ದನಿ ಕೇಳಸ್ರಿ."

ಆಗಷ್ಟೇ ಕೆಂಪಿ ಮೊಟ್ಟೆಯಿಟ್ಟು ಕೇಕೆ ಹಾಕುತ್ತಿತ್ತು. ನಾನು ಫೋನನ್ನು ಅದರ ಕಡೆ ಹಿಡಿದೆ.

"ಹೂಂ, ಅದಾ ರೀ. ನಮ್ಮವ್ವನ ಮನ್ಯಾಗ ಹಿಂಗಾ ಕೂಗ್ತಿತ್ತು," ಅಂದಳು ಈರಮ್ಮ. ಕಲ್ಲಿನ ಹಿಂದಿನ ಚುಕ್ಕಿ — ಅದು ಕೂಗಿ ಎಂಟು ದಿನವಾಗಿತ್ತು. ಆವತ್ತಾದರೂ ಬುಟ್ಟಿ ಇಳಿಸಬಹುದಿತ್ತು. ಇಳಿಸಲಿಲ್ಲ.

ಹದಿನಾರನೆಯ ದಿನ ಬೆಳಿಗ್ಗೆ ಅದು ಸತ್ತು ಬಿದ್ದಿತ್ತು. ಎತ್ತಿದರೆ ಕೈಗೆ ತೂಕವೇ ಇಲ್ಲ. ನುಗ್ಗೆಗಿಡದ ಬುಡದಲ್ಲಿ ಹೂತೆ.

ಈರಮ್ಮ ಬಂದಾಗ, "ಕಾಡುಬೆಕ್ಕು ಒಯ್ತವ್ವ. ಅಟ್ಟಿಸ್ಕೊಂಡು ಹೋದೆ, ಸಿಗಲಿಲ್ಲ," ಅಂದೆ. ಅಟ್ಟಿಸಿಕೊಂಡು ಹೋದಿರಾ ಅಂತ ಅವಳು ಕೇಳಿರಲಿಲ್ಲ, ನಾನಾಗಿಯೇ ಸೇರಿಸಿದೆ. ಅವಳು ಮೆಟ್ಟಿಲ ಮೇಲೆ ಕುಳಿತು ಅತ್ತಳು. ಆಮೇಲೆ ಮುಖ ಒರೆಸಿಕೊಂಡು ನನ್ನನ್ನೇ ಸಮಾಧಾನ ಮಾಡಿದಳು: "ಹೋಗ್ಲಿ ಬಿಡ್ರಿ ಅಕ್ಕಾ, ನೀವರೆ ಏನ್ ಮಾಡ್ತೀರಿ."

ಬದಲಿಗೆ ಬೂದಿಯನ್ನು ಕೊಟ್ಟೆ. ಮನಸ್ಸು ಕರಗಿ ಕೊಟ್ಟದ್ದಲ್ಲ. ಚುಕ್ಕಿ ಸತ್ತ ಮಾರನೆಯ ದಿನದಿಂದಲೇ ಗುಂಪು ಮತ್ತೆ ಬೂದಿಯ ಮೇಲೆ ಬಿದ್ದಿತ್ತು. ನನ್ನ ತಲೆನೋವನ್ನು ಅವಳ ಕೈಗೆ ದಾಟಿಸಿ ದೊಡ್ಡ ಮನಸ್ಸಿನವಳು ಅನ್ನಿಸಿಕೊಂಡೆ. ಅವಳ ಮನೆಯಲ್ಲಿ ಕುಕ್ಕುವವರಿಲ್ಲದೆ ಬೂದಿ ಚೇತರಿಸಿಕೊಂಡಿತು, ಎರಡು ಸಲ ಮರಿ ಮಾಡಿತು. "ಇದಕ್ಕೂ ನಮ್ಮವ್ವನ ಕೋಳಿ ಗುಣಾನಾ ಐತ್ರಿ" ಅನ್ನುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ.

ಮೊನ್ನೆ ನಲ್ಲಿಯ ಹತ್ತಿರ, ಕೋಳಿಗಳನ್ನು ಯಾರ ಹತ್ತಿರ ಬಿಟ್ಟು ಊರಿಗೆ ಹೋಗಲಿ ಅಂತ ಚಿಂತಿಸುತ್ತಿದ್ದ ಒಬ್ಬಳಿಗೆ ಈರಮ್ಮ ಹೇಳಿದಳು: "ಅಕ್ಕನ ಹತ್ರ ಬಿಟ್ಟು ಹೋಗ್ರಿ. ನನ್ನ ಕೋಳಿ ಹೋತಂತ ತನ್ನ ಕೋಳಿ ಹಿಡದು ಕೊಟ್ಟ ಹೆಣ್ಮಗಳು ಅದು." ಆ ಹೆಂಗಸು ನನ್ನ ಕಡೆ ನೋಡಿದಳು. ನಾನು ಕೊಡ ತುಂಬುವುದನ್ನೇ ನೋಡುತ್ತ ನಿಂತೆ.

ಅದಕ್ಕೇ ಬರೆದೆ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಇನ್ನೊಂದು ಉಳಿದಿದೆ. ನಮ್ಮದು ಆಂಧ್ರದ ಗಡಿಯೂರು; ಈರಮ್ಮ ಐದನೇ ಕ್ಲಾಸಿನವರೆಗೆ ಓದಿದ್ದು ತೆಲುಗಿನಲ್ಲಿ. ಮಾತು ಕನ್ನಡವಾದರೂ ಕನ್ನಡದ ಅಕ್ಷರ ಅವಳಿಗೆ ಬಾರದು. ನನಗೆ ಎರಡೂ ಬರುತ್ತವೆ. ಕೈ ತಾನಾಗಿ ಕನ್ನಡಕ್ಕೆ ಹೋಯಿತು ಅಂದರೆ ನಂಬಬೇಡಿ — ಯೋಚಿಸಿಯೇ ಆರಿಸಿಕೊಂಡೆ. ನೀವೆಲ್ಲ ಓದಬಹುದು, ಓದಬೇಕಾದ ಅವಳೊಬ್ಬಳು ಓದಲಾರಳು. ತಪ್ಪೊಪ್ಪಿಗೆಯಲ್ಲೂ ಚೌಕಾಸಿ ಬಿಡಲಿಲ್ಲ ನಾನು.

ಮಧ್ಯಾಹ್ನ ಅವಳು ಹೊಲಿಗೆ ಬಿಟ್ಟು ಊಟಕ್ಕೆ ಏಳುತ್ತಾಳೆ. ಉಂಡಾದ ಮೇಲೆ ಹೋಗಿ, ಎದುರು ಕುಳಿತು, ಇದನ್ನು ಒಂದು ಸಾಲೂ ಬಿಡದೆ ಓದಿ ಹೇಳುತ್ತೇನೆ. ನಡುವೆ ಅವಳು ಎದ್ದು ಹೋದರೆ — ತಡೆಯುವುದಿಲ್ಲ.