ಡಾಕ್ಟರಿಗೂ ತೆರೆಯದ ರಿಪೋರ್ಟು

ಮುಂಬಯಿ ಪಕ್ಕದ ಕಲ್ಯಾಣದ ಆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕೆ ಸೇರಿದಾಗ ಎಲ್ಲ ಶಾಖೆಗಳಿಗೂ ಒಂದೇ ಲಾಗಿನ್ ಹೆಸರು, ಒಂದೇ ಪಾಸ್‌ವರ್ಡ್ ಇತ್ತು. ಕಳವಾ, ವಾಶಿ, ವಿಠ್ಠಲವಾಡಿ, ಎಲ್ಲಿಗೆ ಹೋದರೂ ಅವನ್ನು ಚೀಟಿಯಲ್ಲಿ ಬರೆದು ಸ್ಕ್ರೀನಿನ ಅಂಚಿಗೆ ಅಂಟಿಸಿರುತ್ತಿದ್ದರು. ಕೌಂಟರಿನವರು, ರಕ್ತ ತೆಗೆಯುವವರು, ರಿಪೋರ್ಟಿಗೆ ಸಹಿ ಹಾಕುವ ಡಾಕ್ಟರು, ಎಲ್ಲರೂ ಅದೇ ಹೆಸರಿನಲ್ಲಿ ಲ್ಯಾಬಿನ ವೆಬ್‌ಸೈಟಿನ ಒಳಗೆ ಹೋಗುತ್ತಿದ್ದರು. ಒಳಗೆ ಹೋದ ಮೇಲೆ ಯಾರ ರಿಪೋರ್ಟನ್ನು ಯಾರು ಬೇಕಾದರೂ ಓದಬಹುದಿತ್ತು.

ಸೇರಿದ ವಾರವೇ ಈ ಮಾತನ್ನು ಲ್ಯಾಬಿನ ಯಜಮಾನರ ಕಿವಿಗೆ ಹಾಕಿದೆ. ಅವರೂ ಡಾಕ್ಟರೇ, ನನ್ನ ತಂದೆತಾಯಿಯರಂತೆ ಉಡುಪಿ ಕಡೆಯವರು. ಲ್ಯಾಬು ಕಟ್ಟಿ ಬೆಳೆಸಿದ ಮೇಲೆ ರಿಪೋರ್ಟು ನೋಡುವುದನ್ನು ಬೇರೆಯವರಿಗೆ ಬಿಟ್ಟು ಆಡಳಿತವನ್ನಷ್ಟೇ ನೋಡಿಕೊಳ್ಳುತ್ತಿದ್ದರು. "ನೋಡುವಾ" ಎಂದರು. ಅದು ಅಲ್ಲಿಗೇ ನಿಂತಿತು.

ವಿಠ್ಠಲವಾಡಿಯ ಕೌಂಟರಿನಲ್ಲಿ ಕೂರುತ್ತಿದ್ದವಳು ಕಲಬುರಗಿ ಕಡೆಯ ಹೆಣ್ಣುಮಗಳು. ಗಂಡ ವಾಶಿಯ ಸಗಟು ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಒಂದು ಬೆಳಿಗ್ಗೆ ಅವಳು ತನ್ನದೇ ರಕ್ತವನ್ನು ಪರೀಕ್ಷೆಗೆ ಕೊಟ್ಟಳು. ನಿರೀಕ್ಷಿಸಿದ್ದೇ ನಿಜವಾದರೆ ಸಂಜೆ ಗಂಡನಿಗೆ ತಾನೇ ಹೇಳಬೇಕೆಂದುಕೊಂಡಿದ್ದಳು. ಅಷ್ಟರಲ್ಲಿ ವಾಶಿ ಶಾಖೆಯಲ್ಲಿ ಯಾರೋ ರಿಪೋರ್ಟುಗಳ ನಡುವೆ ಅವಳ ಹೆಸರು ಕಂಡು ತೆರೆದು ಓದಿದರು. ಕೆಟ್ಟ ಮನಸ್ಸಿನಿಂದಲ್ಲ, ಖುಷಿಯಿಂದಲೇ ಸುದ್ದಿ ಹಂಚಿದರು. ಗಂಡನಿಗೆ ಮಾರ್ಕೆಟ್ಟಿನಲ್ಲೇ ಗೆಳೆಯರು ಬೆನ್ನು ತಟ್ಟಿ ಪೇಡೆ ಕೇಳಿದರಂತೆ. ಅವನು ಮನೆಗೆ ಬಂದು ಮುಖ ತಿರುಗಿಸಿ ಮಲಗಿದ.

ಮರುದಿನ ಅವಳು ಕಲ್ಯಾಣಕ್ಕೇ ಬಂದು ನನ್ನ ಮೇಜಿನ ಎದುರು ಕುಳಿತಳು.

"ಮಂದಿಗೆಲ್ಲ ಹೇಳಿ ನನಗ ಕಡೀಕ ಹೇಳ್ತಿಯೇನು ಅಂದ್ರು ನಮ್ಮ ಮನಿಯವ್ರು, ಅಕ್ಕಾರ. ನಾ ಯಾರಿಗೂ ಹೇಳಿಲ್ರೀ. ನಾನಾ ಹೇಳೋ ಸುದ್ದಿ ಇತ್ತು ಅದು. ನನ್ನ ಬಾಯಿಂದ ಕಸಗೊಂಡ್ರು."

ಯಾರು ತೆರೆದರೆಂದು ಹುಡುಕಿದೆ. ಎಲ್ಲರ ಹೆಸರೂ ಒಂದೇ ಆಗಿರುವಾಗ ಪತ್ತೆಯಾಗುವುದು ಹೇಗೆ? ನೇರ ಯಜಮಾನರ ಕೋಣೆಗೆ ಹೋದೆ.

"ಎಂತ ಮಾರಾಯ್ತಿ, ಎಲ್ಲ ನಮ್ಮವರೇ ಅಲ್ವಾ?" ಎಂದರು. "ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಕೊಟ್ರೆ ಬೆಳಿಗ್ಗೆ ಪೇಷಂಟ್‌ಗಳ ಲೈನು ರಸ್ತೆಗೆ ಬರ್ತದೆ."

"ಒಂದು ನಿಮಿಷ ಕೌಂಟರಿಗೆ ಬನ್ನಿ ಡಾಕ್ಟ್ರೇ."

ಬಂದರು. ಆ ಚೀಟಿ ನೋಡಿ ಲಾಗಿನ್ ಮಾಡಿ ಎಂದೆ, ಮಾಡಿದರು. ಈಗ ನಿಮ್ಮ ಹೆಸರೇ ಹಾಕಿ ಹುಡುಕಿ ಎಂದೆ. ಅವರು ಕಳೆದ ತಿಂಗಳು ಮಾಡಿಸಿದ್ದ ಪರೀಕ್ಷೆಯ ರಿಪೋರ್ಟು ಬಂದು ನಿಂತಿತು. ಹಿಂದೆ ಸಾಲಿನಲ್ಲಿದ್ದವರು ಕತ್ತು ಚಾಚಿದರು. ಯಜಮಾನರು ಗಡಿಬಿಡಿಯಿಂದ ಸ್ಕ್ರೀನಿಗೆ ಅಂಗೈ ಅಡ್ಡ ಹಿಡಿದು, "ಮುಚ್ಚು, ಮುಚ್ಚು ಮೊದಲು" ಎಂದರು. ಕೋಣೆಗೆ ಹಿಂದಿರುಗುವಾಗ ಮೆಲ್ಲಗೆ, "ಎಷ್ಟು ದಿವಸ ಬೇಕು ನಿಂಗೆ?" ಎಂದು ಕೇಳಿದರು.

ಮಗಳು ದೊಡ್ಡವಳಾಗುವ ತನಕ ಮನೆಯಲ್ಲಿದ್ದು ಮತ್ತೆ ಈ ಕೆಲಸಕ್ಕೆ ಬಂದವಳು ನಾನು. ಕಲಿಯಬೇಕಾದದ್ದು ರಾಶಿ ಇತ್ತು. ಯಾರು ಏನು ಮಾಡಬೇಕೆಂದು ಮೊದಲು ವಿಂಗಡಿಸಿದೆ. ಕೌಂಟರಿನವರು ಹೆಸರು ಬರೆದುಕೊಂಡು ಬಿಲ್ ಕೊಡಲಿ, ರಿಪೋರ್ಟು ಅವರಿಗೆ ಬೇಡ. ಪರೀಕ್ಷೆ ಮಾಡುವವರು ತಮ್ಮ ಮುಂದಿನ ಸ್ಯಾಂಪಲ್ ಮಾತ್ರ ನೋಡಲಿ. ಸಹಿ ಹಾಕುವ ಡಾಕ್ಟರು ಪೂರ್ತಿ ನೋಡಲಿ. ಪೇಷಂಟಿಗೆ ತನ್ನ ರಿಪೋರ್ಟು ತನ್ನ ಮೊಬೈಲಿಗೆ ಬಂದ ಓಟಿಪಿ ಹಾಕಿದರೆ ತೆರೆಯಲಿ. ಯಾರು ಏನು ತೆರೆದರೂ ಅವರ ಹೆಸರಿನಲ್ಲಿ ದಾಖಲಾಗಲಿ.

ಕೌಂಟರಿನ ಪುಟದಿಂದ 'ರಿಪೋರ್ಟು ನೋಡಿ' ಎಂಬ ಬಟನ್ ತೆಗೆದ ದಿನ ಕೆಲಸ ಮುಗಿಯಿತೆಂದೇ ಬೀಗಿದ್ದೆ. ಆಮೇಲೆ ಏನೋ ಅನುಮಾನ ಬಂದು, ನಾನೇ ಕೌಂಟರಿನವಳಾಗಿ ಲಾಗಿನ್ ಆಗಿ, ರಿಪೋರ್ಟಿನ ವೆಬ್ ವಿಳಾಸವನ್ನು ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ನೇರವಾಗಿ ಟೈಪ್ ಮಾಡಿದೆ. ತೆರೆಯಿತು. ಕೊನೆಯ ಅಂಕಿ ಬದಲಿಸಿದೆ. ಇನ್ನೊಂದು ರಿಪೋರ್ಟು ತೆರೆಯಿತು. ಬಟನ್ ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೇ, ತಡೆಯುವವರು ಯಾರೂ ಇರಲಿಲ್ಲ. ಮರುದಿನ ಡೊಂಬಿವಲಿಯ ಮನೆಯಿಂದ ಬೇಗನೇ ಹೊರಟು ಬಂದೆ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ರಿಪೋರ್ಟು ಹೊರಡುವ ಸರ್ವರಿನಲ್ಲೇ, ಪ್ರತಿ ಸಲವೂ, ಕೇಳುತ್ತಿರುವವರು ಯಾರು, ಅವರಿಗೆ ಇದನ್ನು ಕೊಡಬಹುದೇ ಎಂದು ನೋಡುವಂತೆ ಬರೆದೆ. ವಿಳಾಸ ಟೈಪ್ ಮಾಡಿ ನೋಡಿದೆ. ಅಂಕಿ ಬದಲಿಸಿ ನೋಡಿದೆ. 'ನಿಮಗೆ ಅನುಮತಿ ಇಲ್ಲ' ಎಂಬ ಸಾಲು ಅಷ್ಟು ಚೆಂದ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ.

ಹೊಸ ವ್ಯವಸ್ಥೆ ಶುರುವಾದ ಬೆಳಿಗ್ಗೆ ಫೋನು ಬಿಡುವು ಕೊಡಲಿಲ್ಲ. ಕಳವಾ ಶಾಖೆಯವರು ಪಾಸ್‌ವರ್ಡ್ ಮರೆತಿದ್ದರು, ವಾಶಿಯಲ್ಲಿ ಓಟಿಪಿ ತಡವಾಗುತ್ತಿತ್ತು. ಒಬ್ಬೊಬ್ಬರನ್ನೇ ಒಳಗೆ ಕಳಿಸುತ್ತ ಹೋದೆ. ಮಧ್ಯಾಹ್ನ ವಿಠ್ಠಲವಾಡಿಯಿಂದ ಆ ಹೆಣ್ಣುಮಗಳ ಫೋನು ಬಂತು. ಅವಳಿಗೆ ಆಗ ಐದು ತಿಂಗಳು. ಗಂಡನ ಸಿಟ್ಟು ಎಂದೋ ಇಳಿದಿತ್ತು.

"ಅಕ್ಕಾರ, ಕೌಂಟರಿನ್ಯಾಗ ನನ್ನ ರಿಪೋರ್ಟ್ ನನಗಾ ತೆರಿಯಂಗಿಲ್ರೀ" ಎಂದಳು. ಧ್ವನಿಯಲ್ಲಿ ನಗು ಇತ್ತು. "ಮೊಬೈಲಿನ್ಯಾಗ ತೆರೀತು. ಹಿಮೋಗ್ಲೋಬಿನ್ ಚಲೋ ಐತಿ. ಇದನ್ನ ಇವತ್ತ ಅವರಿಗೆ ನಾನಾ ಹೇಳಾಕಿ."

ಸಂಜೆ ಹೊರಡುವ ಹೊತ್ತಿಗೆ ಯಜಮಾನರು ಕರೆದರು. ಒಂದು ಕೈಯಲ್ಲಿ ಫೋನು ಹಿಡಿದು, ಅದರ ಮೇಲೆ ಅಂಗೈ ಮುಚ್ಚಿದ್ದರು. ಕಲ್ಯಾಣದ ದೊಡ್ಡ ಮನುಷ್ಯರೊಬ್ಬರು ತಮ್ಮ ಭಾವೀ ಸೊಸೆಯ ರಿಪೋರ್ಟನ್ನು, ಅವಳಿಗೆ ತಿಳಿಯದಂತೆ, ನೋಡಬೇಕೆಂದು ಕೇಳುತ್ತಿದ್ದರು.

"ನಂಗೂ ಬರುದಿಲ್ವಲ್ಲ ಇದು?" ಎಂದರು, ಸ್ಕ್ರೀನ್ ತೋರಿಸಿ, ಹುಬ್ಬು ಗಂಟಿಕ್ಕಿ.

"ಇಲ್ಲ ಡಾಕ್ಟ್ರೇ. ಆ ಹುಡುಗಿ ತೆರೀಬಹುದು. ಸಹಿ ಹಾಕಿದ ಡಾಕ್ಟ್ರು ತೆರೀಬಹುದು. ನೀವು ಲೆಕ್ಕ, ಸಿಬ್ಬಂದಿ ಎಲ್ಲ ನೋಡ್ಬಹುದು. ಇದು ಬರುದಿಲ್ಲ."

ಅವರು ನನ್ನನ್ನೇ ನೋಡಿದರು. ಕೆಲಸ ಹೋಯಿತೆಂದೇ ಅಂದುಕೊಂಡೆ, ಆದರೂ ಕಣ್ಣು ತಗ್ಗಿಸಲಿಲ್ಲ. ಆಮೇಲೆ ಅವರು ಫೋನಿನ ಮೇಲಿನ ಕೈ ತೆಗೆದು, ನೆಟ್ಟಗೆ ಕೂತು, ಹಿಂದಿಯಲ್ಲಿ ಹೇಳಿದರು: "ನಹೀ ಸಾಬ್. ಹಮಾರೇ ಯಹಾಂ ಪೇಷಂಟ್ ಕೇ ಸಿವಾಯ್ ಕಿಸೀಕೋ ನಹೀ ಮಿಲ್ತಾ. ಮುಝೇ ಭೀ ನಹೀ."

ಪೇಷಂಟಿಗಲ್ಲದೆ ಬೇರೆ ಯಾರಿಗೂ ಸಿಗುವುದಿಲ್ಲ ಎಂದ ಮೇಲೆ, 'ನನಗೂ ಇಲ್ಲ' ಎಂಬ ಆ ಕೊನೆಯ ಮಾತನ್ನು ಅವರು ಹೇಳಿದ ರೀತಿಯಲ್ಲಿ ಹೆಮ್ಮೆಯಿತ್ತು, ಲ್ಯಾಬಿಗೆ ಹೊಸ ಮೆಷಿನ್ ತಂದಾಗ ಬರುವಂಥದ್ದು.

ಅಂದು ಲೋಕಲ್ ರೈಲಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ, ನಿಂತೇ ಬಂದೆ, ಅದು ತಿಳಿಯಲೇ ಇಲ್ಲ. ಮನೆಯಲ್ಲಿ ಮಗಳು ನನ್ನ ಮುಖ ನೋಡಿ, "ಕ್ಯಾ ಹುವಾ ಮಮ್ಮಿ, ಪ್ರಮೋಷನ್ ಮಿಲಾ?" ಎಂದಳು.

"ಇಲ್ಲ ಮಗಾ," ಎಂದೆ. "ಇವತ್ತು ಇಬ್ಬರು ದೊಡ್ಡವರಿಗೆ ಒಟ್ಟಿಗೆ ಇಲ್ಲ ಅಂತ ಹೇಳಿ ಬಂದೆ."