ಹಾಲಿಲ್ಲದ ದಿನಗಳ ಸೊನ್ನೆ

ಮೊನ್ನೆ ಹಿತ್ತಲ ಗೋಡೆಗೆ ಸುಣ್ಣ ಬಳಿಸುವಾಗ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದೆ. "ಅಜ್ಜಿಗೆ ಸುಣ್ಣ ಅಂದ್ರೆ ಅಲರ್ಜಿ" ಎಂದು ನೀವು ನಕ್ಕಿರಿ. ಅಲರ್ಜಿಯಲ್ಲ, ಮಕ್ಕಳೇ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಸಿ ಸುಣ್ಣದ ವಾಸನೆ ಬಂದರೆ ನನಗೆ ನೆನಪಾಗುವುದು ನಮ್ಮೂರ ಡೈರಿ ಅಕ್ಕ...

ಆಂಧ್ರದ ಗಡಿಗೆ ಹತ್ತಿರ, ನಗರಗೆರೆ ಕಡೆಯ ನಮ್ಮೂರಿನಲ್ಲಿ ಹೆಂಗಸರ ಹಾಲಿನ ಸಂಘವಿತ್ತು. ಆಕೆ ಅದರ ಕಾರ್ಯದರ್ಶಿ. ನನಗಿಂತ ಸ್ವಲ್ಪ ದೊಡ್ಡವಳು, ಇಬ್ಬರೂ ಊರ ಶಾಲೆಯಲ್ಲೇ ಓದಿದವರು. ನಾನು ನಾಲ್ಕು ಜನರೆದುರು ಮಾತಾಡುವವಳಲ್ಲ. ನನ್ನ ಪಾಲಿನ ಮಾತನ್ನೂ ಆಕೆಯೇ ಆಡುತ್ತಿದ್ದಳು. ನಾನು ಹಾಲು ಸುರಿಯುವಾಗ, "ಇವಳ ಹಾಲು ನೋಡ್ರೇ, ಬೆರಳು ಅದ್ದಿದ್ರೆ ಬೆರಳೇ ಕಾಣಲ್ಲ" ಎನ್ನುತ್ತಿದ್ದಳು. ವಿದುರಾಶ್ವತ್ಥದ ನಾಗರಕಲ್ಲಿಗೆ ಹಾಲೆರೆಯಲು ಹೊರಟವರು ಚೊಂಬು ಹಿಡಿದು ನಮ್ಮ ಮನೆಗೇ ಬರುತ್ತಿದ್ದರು. ನನಗಿದ್ದ ಹೆಮ್ಮೆ ಅದೊಂದೇ.

ನಿಮ್ಮ ತಾತ ಹೋದಾಗ ಆಕೆ ನನ್ನ ಪಕ್ಕದಿಂದ ಏಳಲಿಲ್ಲ. "ಸೂತಕ ಕಳೆಯೋ ತನಕ ಡೈರಿಗೆ ಹಾಲು ತರಬೇಡ ಕಣೇ, ಕರೂಗೆ ಬಿಟ್ಬಿಡು" ಎಂದವಳೂ ಆಕೆಯೇ. ಹಾಗೇ ಮಾಡಿದೆ.

ಆಗಷ್ಟೇ ಡೈರಿಗೆ ಕಂಪ್ಯೂಟರ್ ಬಂದಿತ್ತು. ಯಾರ ಹಾಲಿನಲ್ಲಿ ಎಷ್ಟು ಫ್ಯಾಟ್ ಎಂದು ದಿನದಿನವೂ ಲೆಕ್ಕ ಹಾಕಿ, ತಿಂಗಳಿಗೊಮ್ಮೆ ಸರಾಸರಿ ತೆಗೆದು ರಿಪೋರ್ಟ್ ಕೊಡುತ್ತಿತ್ತು. ಆ ತಿಂಗಳ ಸಭೆಗೆ ಮೇಲಿನ ಅಧಿಕಾರಿಯೊಬ್ಬರು ಬಂದಿದ್ದರು. ಡೈರಿ ಅಕ್ಕ ಒಬ್ಬೊಬ್ಬರದೇ ಓದಿದಳು. ನನ್ನ ಸರಾಸರಿ ಎಲ್ಲರಿಗಿಂತ ಕೆಳಗೆ, ತೀರಾ ಕೆಳಗೆ. ಮುಂದೆ ಕೂತಿದ್ದ ಒಬ್ಬಳು ಹಾಳೆ ಇಣುಕಿದಳು. ನನ್ನ ಹೆಸರಿನ ಮುಂದೆ ಸಾಲಾಗಿ ಕೂತ ಸೊನ್ನೆಗಳನ್ನು ಕಂಡು, "ಈಯಮ್ಮ ಪಾಲಲ್ಲೋ ಸುನ್ನ" ಎಂದಳು. ತೆಲುಗಿನಲ್ಲಿ ಪಾಲು ಎಂದರೆ ಹಾಲು, ಸುನ್ನ ಎಂದರೆ ಸೊನ್ನೆ. ಗೋಡೆಗೊರಗಿದ್ದ ಮುದುಕಿಯೊಬ್ಬಳಿಗೆ ಕಿವಿ ಮಂದ. ಅದು ಸುಣ್ಣ ಎಂದೇ ಕೇಳಿಸಿತು.

"ಹಾಲಿಗೆ ಸುಣ್ಣ ಕಲಸ್ತಾಳಂತಾ? ಗಂಡ ಸತ್ತು ಇನ್ನೂ ಬಳೆ ಚೂರು ಗುಡಿಸಿಲ್ಲ, ಆಗಲೇ ಏನು ಕೆಲಸ ಕಲಿತವ್ಳಮ್ಮ."

ಎಲ್ಲರೂ ನಕ್ಕರು. ನಾನು ಡೈರಿ ಅಕ್ಕನ ಮುಖ ನೋಡಿದೆ. ಸೂತಕದ ಆ ದಿನಗಳಲ್ಲಿ ಇವಳು ಹಾಲೇ ಹಾಕಿಲ್ಲ ಎಂದು ಆಕೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆಕೆ ತಲೆ ಎತ್ತದೆ ಮುಂದಿನವಳ ಹೆಸರು ಓದಿದಳು...

ಪಾಪ, ಆಕೆಗೂ ಕಂಪ್ಯೂಟರ್ ಹೊಸದು, ತಿಳಿದಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲವು ದಿನ ಹಾಗೇ ಕಳೆಯಿತು. ಒಂದು ಸಂಜೆ ಹಾಲು ಹಿಡಿದು ಹೋದಾಗ ಕಂಪ್ಯೂಟರ್ ನೋಡಿಕೊಳ್ಳುವವರು ಗೌರಿಬಿದನೂರಿನಿಂದ ಬಂದು ಕೂತಿದ್ದರು. ನಾನು ಬಾಗಿಲಲ್ಲೇ ನಿಂತೆ.

"ಆವತ್ತೇ ಹೇಳಿದ್ನಲ್ಲ ಅಕ್ಕ," ಎನ್ನುತ್ತಿದ್ದರು ಅವರು. "ಹಾಲೇ ಇಲ್ದಿರೋ ದಿನ ಫ್ಯಾಟು ಭಾಗಿಸೋಕಾಗಲ್ಲ. ಅದಕ್ಕೇ ಅದು ತಪ್ಪು ಅಂತ ತೋರಿಸೋದು. ಅಲ್ಲಿ ಖಾಲಿ ಬಿಡಬೇಕು. ಸೊನ್ನೆ ಹಾಕಿದ್ರೆ ಅದೂ ಸರಾಸರಿಗೆ ಸೇರ್ಕೊಂಡು ಯಾರದೋ ತಲೆಗೆ ಬರುತ್ತೆ ಅಂದೆ. ನೀವೇ, ಪರವಾಗಿಲ್ಲ ಹಾಕಪ್ಪ ಅಂದ್ರಿ."

"ಮೇಲಿನೋರು ಬಂದಾಗ ರಿಪೋರ್ಟಲ್ಲಿ ತಪ್ಪು ತಪ್ಪು ಅಂತಿದ್ರೆ ನನ್ನ ಕೆಲಸಾನೇ ಸರಿಯಿಲ್ಲ ಅನ್ನಲ್ವೇನಪ್ಪ?" ಎಂದು ತಿರುಗಿದ ಡೈರಿ ಅಕ್ಕ ನನ್ನನ್ನು ಕಂಡಳು.

"ಮುಂದಿನ ಸಲ ಸರಿಯಾಗಿ ಬರುತ್ತೆ ಬಿಡೇ," ಎಂದಳು.

"ಸಭೇಲಿ ಹೇಳ್ತೀಯಾ ಅಕ್ಕ?" ಅಷ್ಟು ಕೇಳಲು ನನ್ನಲ್ಲಿದ್ದ ಧೈರ್ಯವೆಲ್ಲ ಖರ್ಚಾಯಿತು.

"ಲೆಕ್ಕ ಸರಿಹೋದ್ಮೇಲೆ ಹೇಳೋದೇನಿದೆ?"

ಮುಂದಿನ ತಿಂಗಳು ನನ್ನ ಸರಾಸರಿ ಮೊದಲಿನ ಜಾಗಕ್ಕೇ ಬಂತು. ಊರು ಅದನ್ನೂ ತನಗೆ ಬೇಕಾದ ಹಾಗೆ ಓದಿತು. "ಸಿಕ್ಕಿಬಿದ್ಮೇಲೆ ಸುಣ್ಣ ಬಿಟ್ಟವ್ಳೆ ನೋಡು," ಎಂದರು ನೀರಿನ ತೊಟ್ಟಿಯ ಹತ್ತಿರ, ನನಗೆ ಕೇಳುವಂತೆಯೇ. ಡೈರಿ ಅಕ್ಕನೂ ಅಲ್ಲೇ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು. ವಿದುರಾಶ್ವತ್ಥಕ್ಕೆ ಹೋಗುವವರ ಚೊಂಬು ಮತ್ತೆ ನಮ್ಮ ಬಾಗಿಲಿಗೆ ಬರಲಿಲ್ಲ.

ಊರಿನ ಮಾತು ನನ್ನನ್ನು ಅಷ್ಟು ಸುಡಲಿಲ್ಲ. ಊರಿಗೆ ಗೊತ್ತಿರಲಿಲ್ಲ. ಆಕೆಗೆ ಗೊತ್ತಿತ್ತು... ಹಾಲು ತರಬೇಡ ಎಂದವಳೇ ಆಕೆ.

ಹಸುವನ್ನು ಕೊಟ್ಟು ನಾನು ಚಿಂತಾಮಣಿಗೆ, ನಿಮ್ಮ ಮನೆಗೆ ಬಂದುಬಿಟ್ಟೆ. ಹಲವು ವರ್ಷಗಳ ಮೇಲೆ ಇಲ್ಲಿನ ಬಸ್ ನಿಲ್ದಾಣದಲ್ಲಿ ಆಕೆ ಸಿಕ್ಕಳು. ಕೈ ಹಿಡಿದುಕೊಂಡು, "ಇನ್ನೂ ಮನಸ್ಸಲ್ಲಿ ಇಟ್ಕೊಂಡಿದ್ದೀಯೇನೇ?" ಎಂದಳು. "ಇಲ್ಲ ಅಕ್ಕ" ಎಂದೆ. ಹಗುರಾಗಿ ಬಸ್ಸು ಹತ್ತಿ ಹೋದಳು.

ಈಚೆಗೆ ಆಕೆ ತೀರಿಕೊಂಡಳೆಂದು ಊರಿನಿಂದ ಫೋನ್ ಬಂತು. ಫೋನ್ ಇಟ್ಟ ಮೇಲೆಯೇ ನನಗೆ ತಿಳಿದದ್ದು, ಇಷ್ಟು ವರ್ಷವೂ ನಾನು ಕಾಯುತ್ತಿದ್ದೆನೆಂದು. ಎಂದಾದರೂ ಒಂದು ದಿನ, ಯಾರಾದರೂ ನಾಲ್ಕು ಜನರೆದುರು, ಆಕೆ ಆ ಒಂದು ಮಾತು ಹೇಳುತ್ತಾಳೆಂದು... ಇನ್ನು ಕಾಯಲೂ ಯಾರಿಲ್ಲ.