ಹಂಪಮ್ಮ ಅಳೆದು ಕೊಟ್ಟ ನೀರು

ಹಂಪಮ್ಮನ ಉಪ್ಪಿನಕಾಯಿ ತಿನ್ನದ ಮನೆ ಮಾನ್ವಿಯಲ್ಲಿ ಹುಡುಕಬೇಕು. ನಾನು ಅವಳ ಪಕ್ಕದ ಮನೆಯವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿ ಜಾಡಿಗೆ ತುಂಬಿದರೆ, ಒಂದು ಹನಿ ನೀರು ಹಾಕದಿದ್ದರೂ ಬೆಳಗಾಗುವಷ್ಟರಲ್ಲಿ ಹೋಳು ಮುಳುಗುವಷ್ಟು ನೀರು ನಿಂತಿರುತ್ತದೆ. ಅದು ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದಳು. ಕಾಯಿಯ ತುಂಬ ಕಣ್ಣಿಗೆ ಕಾಣದ ಕೋಶಗಳಿವೆ, ಒಂದೊಂದಕ್ಕೂ ತೆಳುವಾದ ಪೊರೆ ಇದೆ, ಹೊರಗೆ ಉಪ್ಪು ಹೆಚ್ಚಾದರೆ ಒಳಗಿನ ನೀರು ಪೊರೆ ದಾಟಿ ಹೊರಗೆ ಬರುತ್ತದೆ ಎಂದೆ.

“ಉಪ್ಪು ಎಲ್ಲಿ ಜಾಸ್ತಿ, ನೀರು ಅಲ್ಲಿಗೆ ಓಡ್ತದ. ಇಷ್ಟಕ್ಕ ನಿಮಗ ಸರಕಾರ ಪಗಾರ ಕೊಡ್ತದೇನ್ರಿ?” ಎಂದು ನಕ್ಕಳು. ಆಗ ಅವಳು ನಗುತ್ತಿದ್ದಳು.

ಅವಳ ಗಂಡ ಶರಣಯ್ಯ ಹತ್ತಿ ಮಿಲ್ಲಿನಲ್ಲಿ ತೂಕ ಹಾಕುತ್ತಿದ್ದವನು. ಸಕ್ಕರೆ ಕಾಯಿಲೆ ಅವನ ಎರಡೂ ಮೂತ್ರಪಿಂಡಗಳನ್ನು ತಿಂದುಹಾಕಿತು. ಮಂಗಳವಾರ, ಗುರುವಾರ, ಶನಿವಾರ ರಾಯಚೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಅಲ್ಲಿ ಯಂತ್ರದೊಳಗಿನ ಪೊರೆ ರಕ್ತದ ಹೊಲಸನ್ನೂ ಹೆಚ್ಚಾದ ನೀರನ್ನೂ ತೆಗೆಯುತ್ತದೆ. ಉಳಿದ ದಿನ ಕುಡಿದದ್ದೆಲ್ಲ ಒಳಗೇ ಉಳಿದು ಕಾಲು ಬಾಯುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೆ ಹಂಪಮ್ಮ ಬೆಳಿಗ್ಗೆ ಒಂದು ಸಣ್ಣ ತಂಬಿಗೆ ನೀರು ಅಳೆದಿಟ್ಟು, ದಿನವೆಲ್ಲ ಅದರಲ್ಲೇ ಗುಟುಕು ಗುಟುಕಾಗಿ ಕೊಡುತ್ತಿದ್ದಳು. ನಮ್ಮ ಮೇ ತಿಂಗಳ ಬಿಸಿಲು ಹೇಗಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಬಾಗಿಲಿಗೆ ಬಂದ ಅಪರಿಚಿತರಿಗೂ ಮೊದಲು ನೀರು ಕೊಡುವ ಊರಿನಲ್ಲಿ ಅವಳು ಸ್ವಂತ ಗಂಡನಿಗೆ ಇಲ್ಲ ಎನ್ನಬೇಕಿತ್ತು.

“ಉಪ್ಪು ತಿಂದವ ನೀರು ಕುಡೀಬೇಕಂತಾರ. ನನಗ ಉಪ್ಪೂ ಇಲ್ಲ, ನೀರೂ ಇಲ್ಲ. ನಾ ಏನ್ ತಪ್ಪು ಮಾಡೀನ್ರಿ ಟೀಚರ್?” ಎಂದು ಅವನು ನನ್ನನ್ನು ಕೇಳುತ್ತಿದ್ದ.

ನೀರಿಗಿಂತ ದೊಡ್ಡ ಹೆದರಿಕೆ ಪೊಟ್ಯಾಸಿಯಂನದು. ಡಾಕ್ಟರು ಹೇಳಿದ್ದು ಅರ್ಥವಾಗಲಿಲ್ಲ ಎಂದು ಹಂಪಮ್ಮ ನನ್ನ ಹತ್ತಿರ ಬಂದಳು. ಪೊಟ್ಯಾಸಿಯಂ ಕೋಶದ ಒಳಗೆ ಹೆಚ್ಚಿರಬೇಕು, ಹೊರಗೆ ಕಡಿಮೆ ಇರಬೇಕು. ಪೊರೆಯಲ್ಲಿರುವ ಪುಟ್ಟ ಪಂಪುಗಳು ಅದನ್ನು ಬಿಡುವಿಲ್ಲದೆ ಒಳಕ್ಕೆ ಎಳೆಯುತ್ತಲೇ ಇರುತ್ತವೆ. ಆ ಹೆಚ್ಚುಕಡಿಮೆಯ ಬಲದಿಂದಲೇ ಎದೆ ಬಡಿಯುವುದು. ತಿಂದದ್ದರಲ್ಲಿ ಮಿಕ್ಕ ಪೊಟ್ಯಾಸಿಯಂ ಅನ್ನು ಮೂತ್ರಪಿಂಡ ಹೊರಹಾಕಬೇಕು. ಹಾಕದಿದ್ದರೆ ರಕ್ತದಲ್ಲಿ ಏರಿ, ಎದೆಯ ಬಡಿತ ತಪ್ಪಿ ನಿಂತೇಹೋಗಬಹುದು. ಇಷ್ಟನ್ನೂ ಹೇಳಿದೆ.

“ಅದು ಯಾವುದರಾಗ ಭಾಳ ಇರ್ತದ, ಅಷ್ಟ ಹೇಳ್ರಿ,” ಎಂದಳು. ಬಾಳೆಹಣ್ಣು, ಮೋಸಂಬಿ, ಎಳನೀರು ಎಂದೆ. ಅಂದಿನಿಂದ ಪಲ್ಯದ ಕಾಯಿಯನ್ನು ಕೂಡ ಹೆಚ್ಚಿ ಕುದಿಸಿ ಆ ನೀರು ಚೆಲ್ಲಿಯೇ ಒಗ್ಗರಣೆ ಹಾಕುತ್ತಿದ್ದಳು. ಹೀಗೆ ಎರಡು ವರ್ಷ ಅವನನ್ನು ಉಳಿಸಿಕೊಂಡಳು.

ಆ ದಿನ ಸೋಮವಾರ. ಶನಿವಾರ ಯಂತ್ರಕ್ಕೆ ಹಾಕಿಸಿದ್ದು, ಮತ್ತೆ ಹೋಗುವುದು ಮರುದಿನ ಮಂಗಳವಾರ. ನಾನು, ಹಂಪಮ್ಮ ಮಾವಿನಕಾಯಿ ತರಲು ಸಂತೆಗೆ ಹೋಗಿದ್ದೆವು. ಬರುವಷ್ಟರಲ್ಲಿ ಶರಣಯ್ಯನ ಅಕ್ಕ ಬೂದೆಮ್ಮ ಮಲ್ಲಟದಿಂದ ಬಂದು ಕೂತಿದ್ದಳು. ಬೇನೆ ಬಿದ್ದವರನ್ನು ನೋಡಲು ಬರಿಗೈಯಲ್ಲಿ ಹೋಗುವವರು ನಮ್ಮ ಕಡೆ ಯಾರಿದ್ದಾರೆ? ಕಟ್ಟೆಯ ಮೇಲೆ ಕೊಚ್ಚಿದ ಎಳನೀರಿನ ಕಾಯಿಗಳು ಬಿದ್ದಿದ್ದವು. ಎಲ್ಲವೂ ಖಾಲಿ.

“ನಾಲಿಗಿ ಒಣಗಿ ಕಟಿಗ್ಯಾಗಿತ್ತಲ್ಲವ್ವಾ ನನ್ನ ತಮ್ಮಂದು. ನೀರಂತೂ ಬ್ಯಾಡ ಅಂದಾರ, ಎಳನೀರು ತಂಪಲ್ಲ? ಒಂದಾದ ಮ್ಯಾಲ ಒಂದು ಕುಡಿಸೀನಿ,” ಎಂದಳು ಬೂದೆಮ್ಮ, ಸೆರಗಿನಿಂದ ತಮ್ಮನ ಗದ್ದ ಒರೆಸುತ್ತ.

ಹಂಪಮ್ಮನ ಕೈಯ ಚೀಲ ಜಾರಿತು. ಶರಣಯ್ಯ ಅವಳ ಮುಖ ನೋಡಿದ. “ಬೈಬ್ಯಾಡ. ಅಷ್ಟು ದೂರದಿಂದ ಅಕ್ಕ ಹೊತಗೊಂಡು ಬಂದಾಳ, ಒಲ್ಲೆ ಅಂತ ಹ್ಯಾಂಗ ಅನ್ಲಿ?” ಎಂದ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕುಡಿದಿದ್ದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದರೆ ಅವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನೆಮ್ಮದಿ ಕಾಣುತ್ತಿತ್ತು.

ಕೂಡಲೇ ಕಾರು ಮಾಡಿಕೊಂಡು ರಾಯಚೂರಿನ ಕಡೆ ಹೊರಟೆವು. ಕಲ್ಲೂರು ದಾಟುವಾಗ ಬೆರಳಲ್ಲಿ ಇರುವೆ ಹರಿದ ಹಾಗೆ ಆಗುತ್ತಿದೆ ಎಂದ. ಆಮೇಲೆ ಕಾಲು ಎತ್ತಲು ಬರುತ್ತಿಲ್ಲ ಎಂದ. ಹಂಪಮ್ಮ ಅವನ ಎದೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದಳು. ಪಾಠದಲ್ಲಿ ಬರುವುದೆಲ್ಲ ನನಗೆ ಬಾಯಿಪಾಠ. ಅದರಲ್ಲಿ ಒಂದಕ್ಷರವೂ ಆ ಕಾರಿನಲ್ಲಿ ಉಪಯೋಗಕ್ಕೆ ಬರಲಿಲ್ಲ. ಆಸ್ಪತ್ರೆಯವರು ಓಡಿ ಬಂದರು, ಸೂಜಿ ಚುಚ್ಚಿದರು, ಎದೆ ಒತ್ತಿದರು. ಯಂತ್ರದವರೆಗೆ ಅವನು ಹೋಗಲೇ ಇಲ್ಲ.

ಮಣ್ಣಿಗೆ ಬಂದವರ ಮುಂದೆಲ್ಲ ಬೂದೆಮ್ಮ ಒಂದೇ ಮಾತು ಹೇಳಿ ಅಳುತ್ತಿದ್ದಳು: “ಕಡೀಕ ನನ್ನ ಕೈಲೆ ಎಳನೀರು ಕುಡಿದು ತಂಪಾಗಿ ಹೋದ.” ಪುಣ್ಯವಂತೆ ನೀನು ಎಂದರು ಹೆಂಗಸರು. ಹೆಂಡತಿ ಗುಟುಕು ನೀರು ಕೊಡಲು ಸಾಯುತ್ತಿದ್ದಳಂತೆ ಎಂದು ಹಂಪಮ್ಮನ ಬೆನ್ನ ಹಿಂದೆ, ಅವಳಿಗೆ ಕೇಳುವ ಹಾಗೆಯೇ ಅಂದರು. ನನಗೆ ಮೈಯೆಲ್ಲ ಉರಿದು, ಹೇಳಿಯೇಬಿಡುತ್ತೇನೆ ಎಂದು ಎದ್ದೆ. ಹಂಪಮ್ಮ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

“ಆಕಿ ಅವರನ್ನ ಬಗಲಾಗ ಹೊತ್ತು ಬೆಳಿಸ್ಯಾಳ್ರಿ. ತಿಳಿದ್ರ ಆಕಿ ಉಳ್ಯಾಂಗಿಲ್ಲ. ನನಗೇನು, ನಾಕು ಮಂದಿ ನಾಕು ಮಾತು ಆಡ್ತಾರ, ಆಡ್ಲಿ,” ಎಂದಳು.

ಊರಿಗೆ ಹೊರಡುವ ದಿನ ಬೂದೆಮ್ಮ ಹೊಸ್ತಿಲಲ್ಲಿ ನಿಂತಳು. “ಹಂಪವ್ವಾ, ಖರೇ ಹೇಳು. ಅವತ್ತು ನಾ ಕುಡಿಸಿದ್ದು ಒಳ್ಳೇದಾತಿಲ್ಲ?”

ಹಂಪಮ್ಮ ಅವಳ ಚೀಲ ಎತ್ತಿ ಕೈಗೆ ಕೊಟ್ಟಳು.

“ಒಳ್ಳೇದಾತು ಬಿಡ್ರಿ ಅಕ್ಕಾ. ಅವರಿಗೆ ಭಾಳ ನೀರಡಿಕಿ ಆಗಿತ್ತು.”